ಕಿವಿ: ‘ವಿದ್ಯುತ್’ ನೋಡಿ

ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತ ಮೂರನೇ ದಿನ ಬೆಳಿಗ್ಗೆ, ಗ್ರಂಥಪಾಲರು ಹಾಸಿಗೆಯಿಂದ ಎದ್ದವರೇ ಹಜಾರದ ನಟ್ಟನಡುವೆ ಬಂದು ನಿಂತರು. ಸೊಂಟದ ಮೇಲೆ ಕೈಯಿಟ್ಟರು. ಗಂಟಲು ಸರಿಮಾಡಿಕೊಂಡರು.

"ಇವಳೇ, ಕೇಳಿಲ್ಲಿ! ಲಾಕ್‌ಡೌನ್ ಅಂತ ಲೋಕವೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದೆ. ನಾನು ಕೂರೋನಲ್ಲ! ಇದು ಮುಗಿಯೋದರೊಳಗೆ ಈ ಮನೇಲಿ ಒಂದು ಗುಂಡುಸೂಜಿ ಬೇಕು ಅಂದ್ರೂ ಕಣ್ಣು ಮುಚ್ಚಿ ತೆರೆಯೋದರಲ್ಲಿ ಸಿಗಬೇಕು, ಹಾಗೆ ಮಾಡ್ತೀನಿ!"

"ಗುಂಡುಸೂಜಿ ಈಗಲೂ ಸಿಗತ್ತೆ ರೀ. ನನ್ನ ಬಾಯಲ್ಲೇ ಇದೆ," ಎಂದಳು ಹೆಂಡತಿ, ತುಟಿಯ ನಡುವೆ ಮೂರು ಸೂಜಿ ಕಚ್ಚಿಕೊಂಡೇ. ಆಕೆ ದರ್ಜಿ. ಪಕ್ಕದ ಬೀದಿಯ ಆಸ್ಪತ್ರೆಗೆ ದಿನಕ್ಕೆ ಎಂಬತ್ತು ಮಾಸ್ಕ್ ಹೊಲಿದುಕೊಡಲು ಒಪ್ಪಿಕೊಂಡಿದ್ದಳು. ಭಾಷಣ ಕೇಳಲು ಆಕೆಗೆ ಪುರುಸೊತ್ತಿರಲಿಲ್ಲ.

ಗ್ರಂಥಪಾಲರ ಸ್ಥಿತಿ ಬೇರೆ. ಇಪ್ಪತ್ತೆರಡು ವರ್ಷ ದಿನಾ ಇನ್ನೂರು ಪುಸ್ತಕಕ್ಕೆ ಠಪ್ ಠಪ್ ಎಂದು ತಾರೀಖಿನ ಮುದ್ರೆ ಒತ್ತಿದ ಕೈ ಅದು. ಗ್ರಂಥಾಲಯಕ್ಕೆ ಬೀಗ ಬಿದ್ದಮೇಲೆ ಆ ಕೈ ಸುಮ್ಮನಿರಲು ಒಪ್ಪುತ್ತಿರಲಿಲ್ಲ. ಊಟದ ಮೇಜಿನ ಮೇಲೆ ತಾನೇ ತಾನಾಗಿ ಠಪ್ ಎನ್ನುತ್ತಿತ್ತು. ಟಿವಿ ಹಾಕಿದರೆ ಭಯ, ಆರಿಸಿದರೆ ಬೇಜಾರು. ಕೆಲಸ ಮಾಡುತ್ತಿದ್ದರೆ ಮನಸ್ಸಿಗೆ ಧೈರ್ಯ ಬರುತ್ತದೆ ಎಂದು ಅವರೇ ಕಂಡುಕೊಂಡರು. ಅಷ್ಟರಮಟ್ಟಿಗೆ ಅವರ ಮಾತು ಸರಿಯೇ. ಎಡವಟ್ಟಾಗಿದ್ದು ಆ ಕೆಲಸ ಯಾವುದು ಎಂಬಲ್ಲಿ.

ಅವರು ಇಡೀ ಮನೆಯನ್ನು ಗ್ರಂಥಾಲಯದ ಪದ್ಧತಿಯಲ್ಲಿ ವರ್ಗೀಕರಿಸಲು ಹೊರಟರು!

ತಿನ್ನುವುದು ಒಂದು, ಉಡುವುದು ಎರಡು, ತೊಳೆಯುವುದು ಮೂರು, ದೇಹ ಮತ್ತು ಆರೋಗ್ಯ ನಾಲ್ಕು, ವಿದ್ಯುತ್ ಐದು, ಹೀಗೆ ಒಂಬತ್ತರವರೆಗೆ. ಒಂಬತ್ತು ಎಂದರೆ ಯಾಕೆ ಇಟ್ಟುಕೊಂಡಿದ್ದೇವೆಂದು ಮನೆಯವರಿಗೇ ಗೊತ್ತಿಲ್ಲದ ಸಾಮಾನು. ಅದೇ ಎಲ್ಲಕ್ಕಿಂತ ದೊಡ್ಡ ವರ್ಗವಾಯಿತು. ಪ್ರತಿ ವಸ್ತುವಿಗೂ ಒಂದು ನಂಬರು, ಒಂದು ಚೀಟಿ, ಒಂದು ಜಾಗ. ಎಲ್ಲದರ ವಿವರ ಒಂದು ದಪ್ಪ ದಾಖಲೆ ಪುಸ್ತಕದಲ್ಲಿ. ಚಪ್ಪಟೆಯಾಗಿದ್ದು ಏನು ಕಂಡರೂ ಕಂದು ಕಾಗದದ ರಟ್ಟು ಹಾಕಿಬಿಟ್ಟರು: ಪುಸ್ತಕ, ಟ್ರೇ, ಚದುರಂಗದ ಮಣೆ, ತೂಕದ ಯಂತ್ರ, ಹೆಂಡತಿಯ ಅಳತೆ ಪುಸ್ತಕ. ಮೇಲೆ ಹೆಸರಿಲ್ಲ, ಬರೀ ನಂಬರು.

"ಹೆಸರು ಬರೆದರೆ ಏನು ಗಂಟು ಹೋಗತ್ತೆ?" ಎಂದಳು ಹೆಂಡತಿ.

"ಹೆಸರು ಬರೆಯೋದು ಅಂಗಡಿಯವನ ಕೆಲಸ. ನಂಬರು ಹಾಕೋದು ಶಾಸ್ತ್ರ!"

ಶಾಸ್ತ್ರ ಮೊದಲು ಕೈಕೊಟ್ಟಿದ್ದು ಎಂಟನೇ ದಿನ. ಹೆಂಡತಿಗೆ ಕತ್ತರಿ ಬೇಕಾಯಿತು. ಹೊಲಿಗೆಯ ಪೆಟ್ಟಿಗೆ ತೆರೆದರೆ ಒಳಗೆ ಕತ್ತರಿಯ ಬದಲು ಒಂದು ಚೀಟಿ: ‘ಕಾಗದ ನೋಡಿ.’ ಕಾಗದದ ಡಬ್ಬ ತೆರೆದಳು. ‘ಅಡುಗೆಮನೆಯ ಹತಾರ ನೋಡಿ.’ ಅಡುಗೆಮನೆಗೆ ಹೋದಳು. ‘ಹೊಲಿಗೆ ನೋಡಿ.’

"ರೀ! ಮೂರು ಸುತ್ತು ಹಾಕಿದೆ! ಕತ್ತರಿ ಎಲ್ಲಿ?"

"ಕತ್ತರಿ ಮೂರು ಕಡೆಗೂ ಸಲ್ಲುತ್ತೆ. ಅದಕ್ಕೇ ಮೂರು ಕಡೆಯೂ ಚೀಟಿ ಇಟ್ಟಿದ್ದೀನಿ," ಎಂದ ಗ್ರಂಥಪಾಲರು ಹೆಮ್ಮೆಯಿಂದ ತಲೆಯಾಡಿಸಿದರು. ಆಮೇಲೆ ನಿಧಾನಕ್ಕೆ ತಲೆ ಕೆರೆದುಕೊಂಡರು. ಚೀಟಿ ಇಟ್ಟ ಭರಾಟೆಯಲ್ಲಿ ಕತ್ತರಿಯನ್ನು ಎಲ್ಲಿಟ್ಟೆ ಎಂದು ಅವರಿಗೇ ಹೊಳೆಯಲಿಲ್ಲ. ದಾಖಲೆ ಪುಸ್ತಕ ತೆರೆದು ನೋಡಿದರು. ಒಂಬತ್ತರಲ್ಲಿತ್ತು!

"ನೋಡಿದ್ಯಾ? ಪುಸ್ತಕ ಇದ್ದರೆ ಚಿಂತೆಯೇ ಇಲ್ಲ," ಎಂದರು. ಹೆಂಡತಿ ಕತ್ತರಿಯನ್ನು ಕಿತ್ತುಕೊಂಡ ರೀತಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದದ್ದೂ ನಿಜ.

ಈ ಮನೆಯಲ್ಲಿ ಇನ್ನೊಬ್ಬರಿದ್ದರು. ಗ್ರಂಥಪಾಲರ ಅತ್ತೆ, ಅಂದರೆ ಹೆಂಡತಿಯ ತಾಯಿ. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವರು ಲಾಕ್‌ಡೌನಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹೊರಡಬೇಕಾಗಿದ್ದು ಕಿರಿಯ ಮಗಳ ಬಾಣಂತನಕ್ಕೆ. ರಸ್ತೆ ಬಂದಾಯಿತು, ಬಸ್ಸು ಬಂದಾಯಿತು, ಕೂಸು ಮಾತ್ರ ಯಾರಿಗೂ ಕಾಯದೆ ಹುಟ್ಟಿಬಿಟ್ಟಿತು. ಮಗಳು ಇನ್ನೂ ಅವಳೂರಿನ ಆಸ್ಪತ್ರೆಯಲ್ಲೇ. ನರ್ಸಮ್ಮ ದೊಡ್ಡ ಮನಸ್ಸು ಮಾಡಿ ಲಾಕ್‌ಡೌನಿನ ಹದಿಮೂರನೇ ದಿನ ಸಂಜೆ ನಾಲ್ಕಕ್ಕೆ ಹತ್ತೇ ಹತ್ತು ನಿಮಿಷ ವಿಡಿಯೋ ಕಾಲ್ ಮಾಡಿಸಲು ಒಪ್ಪಿದ್ದರು.

"ಮುಖ ಫೋಟೋದಲ್ಲಿ ನೋಡಿದ್ದಾಯ್ತು. ನನಗೆ ಅದರ ಅಳು ಕೇಳಬೇಕು ಕಣೇ," ಎಂದು ಎರಡು ದಿನದಿಂದ ಅತ್ತೆಯದು ಒಂದೇ ಜಪ. "ನೀವಿಬ್ಬರೂ ಹುಟ್ಟಿದಾಗ ಅಳು ಕೇಳೇ ಹೇಳಿಬಿಟ್ಟಿದ್ದೆ, ಇದು ಸಾಧು, ಇದು ಹಟಮಾರಿ ಅಂತ."

"ನಾನು ಯಾವುದು?" ಎಂದಳು ಹಿರಿಯ ಮಗಳು.

ಅತ್ತೆ ಅದು ಕೇಳಿಸದವರಂತೆ ಆಚೆ ತಿರುಗಿದರು. ಅವರಿಗೆ ಆ ಅನುಕೂಲವಿತ್ತು. ಎರಡೂ ಕಿವಿ ಮಂದ. ಬಲಗಿವಿಯ ಹಿಂದೆ ಒಂದು ಪುಟ್ಟ ಮಿಷನ್, ಅದರೊಳಗೆ ಬಟಾಣಿಗಿಂತ ಸಣ್ಣ ಒಂದು ಸೆಲ್ಲು. ಮಿಷನ್ ನಡೆದರೆ ಪಿಸುಮಾತೂ ಕೇಳುತ್ತದೆ, ನಿಂತರೆ ಗುಡುಗೂ ಇಲ್ಲ.

ಹದಿಮೂರನೇ ದಿನ ಮಧ್ಯಾಹ್ನ ಮೂರೂವರೆಗೆ ಮಿಷನ್ ನಿಂತುಹೋಯಿತು.

"ಸೆಲ್ಲು ಮುಗೀತು! ಹೊಸದು ಕೊಡಿ ಅಳಿಯಂದಿರೇ. ದಿಂಬಿನ ಕೆಳಗಿಟ್ಟಿದ್ದೆ, ನೀವು ನಂಬರು ಹಾಕೋಕೆ ಅಂತ ತಗೊಂಡು ಹೋದಿರಲ್ಲ!" ಎಂದು ಅತ್ತೆ ಮೂರು ಮನೆಗೆ ಕೇಳುವ ಹಾಗೆ ಕೂಗಿದರು. ತಮ್ಮ ದನಿ ತಮಗೇ ಕೇಳದವರು ಮತ್ತೆ ಹೇಗೆ ಹೇಳಿಯಾರು?

ಗ್ರಂಥಪಾಲರು ಅಭಯಹಸ್ತ ತೋರಿಸಿದರು. ಇದೇ ಅಲ್ಲವೇ ಅವರು ಕಾದಿದ್ದ ಗಳಿಗೆ! ಕಣ್ಣು ಮುಚ್ಚಿ ತೆರೆಯುವುದರಲ್ಲಿ ತರುತ್ತೇನೆಂದು ಗತ್ತಿನಿಂದ ನಾಲ್ಕನೇ ವರ್ಗದ ಕಪಾಟಿಗೆ ನಡೆದರು. ಕಿವಿ ಎಂಬ ಡಬ್ಬ ತೆರೆದರು. ‘ವಿದ್ಯುತ್ ನೋಡಿ.’

ಸರಿಯೇ. ಸೆಲ್ಲು ಎಂದರೆ ವಿದ್ಯುತ್ತು. ಐದಕ್ಕೆ ಹೋದರು. ‘ಅತಿ ಸಣ್ಣ ವಸ್ತುಗಳು ನೋಡಿ.’

ಇದೂ ಸರಿಯೇ ಇರಬೇಕು. ಗುಂಡಿಗಳ ಪಕ್ಕದ ಡಬ್ಬ ತೆರೆದರು. ‘ವಿವರಕ್ಕೆ ದಾಖಲೆ ಪುಸ್ತಕ ನೋಡಿ.’

ಹಣೆಯಲ್ಲಿ ಒಂದು ಹನಿ ಬೆವರು ಮೂಡಿತು. ದಾಖಲೆ ಪುಸ್ತಕ ಎಲ್ಲಿ? ಮೇಜಿನ ಮೇಲಿಲ್ಲ. ಕುರ್ಚಿಯ ಮೇಲಿಲ್ಲ. ಆಗ ನೆನಪಾಯಿತು ನೋಡಿ. ಹಿಂದಿನ ದಿನ ಕೆಲಸವೆಲ್ಲ ಮುಗಿಸಿ ಕೈ ಒರೆಸಿಕೊಂಡಾಗ, ಮನೆಯಲ್ಲಿ ನಂಬರಿಲ್ಲದ ವಸ್ತು ಒಂದೇ ಉಳಿದಿತ್ತು. ದಾಖಲೆ ಪುಸ್ತಕ! ನಿಯಮ ಎಂದರೆ ಎಲ್ಲರಿಗೂ ಒಂದೇ. ಅದಕ್ಕೂ ಕಂದು ರಟ್ಟು ಹಾಕಿ, ಅದರ ನಂಬರನ್ನು ಅದರಲ್ಲೇ ಬರೆದು, ಆ ನಂಬರಿನ ಜಾಗದಲ್ಲೇ ಸೇರಿಸಿಬಿಟ್ಟಿದ್ದರು.

"ಅದರ ನಂಬರು ಎಷ್ಟು?" ಎಂದಳು ಹೆಂಡತಿ.

"ನೆನಪಿಲ್ಲ."

"ಎಲ್ಲಿ ಬರೆದಿದ್ದೀರಿ?"

"ದಾಖಲೆ ಪುಸ್ತಕದಲ್ಲಿ."

ಹೆಂಡತಿ ಕಣ್ಣು ಕಣ್ಣು ಬಿಟ್ಟಳು. ಗ್ರಂಥಪಾಲರೂ ಬಿಟ್ಟರು. ಇದರಲ್ಲಿ ತಪ್ಪು ಎಲ್ಲಾಯಿತೆಂದು ಅವರಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಒಂದೊಂದು ಹೆಜ್ಜೆಯೂ ಶಾಸ್ತ್ರೋಕ್ತವಾಗಿತ್ತು! ಪುಸ್ತಕ ಬರೆಯುವುದಕ್ಕೆ ಸಂಬಂಧಿಸಿದ್ದು, ಆರರಲ್ಲಿರಬೇಕು. ಅಲ್ಲ, ಅದು ಹುಡುಕಲು ಬೇಕಾಗುವ ಸಾಧನ, ಏಳು. ಅಲ್ಲಲ್ಲ, ಅದರಲ್ಲಿ ಎಲ್ಲವೂ ಇದೆ, ಹಾಗಾಗಿ ಎಲ್ಲದರಲ್ಲೂ ಇರಬೇಕು. ಆರಕ್ಕೆ ಓಡಿದರು, ಏಳಕ್ಕೆ ಓಡಿದರು, ಎರಡು ಸಲ ಬಾತ್‌ರೂಮಿಗೂ ಹೋಗಿ ಯಾಕೆ ಬಂದೆನೆಂದು ತಿಳಿಯದೆ ಹಿಂದಿರುಗಿದರು. ಕೈಗೆ ಸಿಕ್ಕಿದ್ದೆಲ್ಲ ಕಂದು ಕಾಗದ, ಎಲ್ಲವೂ ಒಂದೇ ತಾಯಿಯ ಮಕ್ಕಳು.

ಫೋನು ಹೊಡೆದುಕೊಂಡಿತು. ನಾಲ್ಕು ಗಂಟೆ.

ಅತ್ತೆ ಕೂದಲು ಬಾಚಿ, ಒಳ್ಳೆಯ ಬಟ್ಟೆಯುಟ್ಟು ಆಗಲೇ ಕುರ್ಚಿಯಲ್ಲಿ ಕೂತಿದ್ದರು. ಪರದೆಯ ಮೇಲೆ ಕಿರಿಯ ಮಗಳು, ಮಡಿಲಲ್ಲಿ ಕೆಂಪು ಮುಖದ ಕೂಸು. ಕೂಸು ಮನೆ ಹಾರಿಹೋಗುವಂತೆ ಕಿರುಚುತ್ತಿತ್ತು.

"ಅಮ್ಮಾ! ಕೇಳಿಸ್ತಿದ್ಯಾ?" ಎಂದು ಕಿರಿಯವಳು ಕೂಗಿದಳು.

"ಅಯ್ಯೋ ನನ್ನ ಕಂದ! ಎಷ್ಟು ಸಾಧು ಮಗು!" ಎಂದರು ಅತ್ತೆ. "ಬಾಯಿ ತೆರೆಯತ್ತೆ, ಮುಚ್ಚತ್ತೆ, ಒಂದು ಸದ್ದಿಲ್ಲ. ಥೇಟ್ ನಮ್ಮ ಅಳಿಯಂದಿರ ಹಾಗೆ!"

ಬಾಗಿಲಲ್ಲಿ ಚದುರಂಗದ ಮಣೆ ಹಿಡಿದು ನಿಂತಿದ್ದ ಗ್ರಂಥಪಾಲರು ತೆರೆದಿದ್ದ ಬಾಯಿ ಮುಚ್ಚಿದರು.

ಮರುಕ್ಷಣವೇ ಅತ್ತೆಯ ನಗು ಕುಂದಿತು. ಪರದೆಯ ಹತ್ತಿರ ಮುಖ ತಂದು ನೋಡಿದರು. "ಅಳ್ತಿದೆ ಅಲ್ವಾ ಅದು? ಅಳ್ತಾ ಇದೆ. ನನಗೇ ಕೇಳಿಸ್ತಿಲ್ಲ," ಎಂದರು. ಈ ಸಲ ಕೂಗಿ ಹೇಳಲಿಲ್ಲ. ಗ್ರಂಥಪಾಲರ ಇಷ್ಟು ದಿನದ ಸಡಗರವೆಲ್ಲ ಒಮ್ಮೆಗೇ ನಾಚಿಕೆಯಾಗಿಹೋಯಿತು.

ಹೆಂಡತಿ ಕಪಾಟಿಗೆ ನುಗ್ಗಿ ಕಂದು ಕಾಗದಗಳನ್ನು ಪರಪರ ಹರಿಯತೊಡಗಿದಳು.

"ಹರೀಬೇಡ! ಅದು ಏಳು ಬಿಂದು ಮೂರು!"

"ನೀವು ಸುಮ್ಮನಿರಿ, ಇಲ್ಲಾಂದ್ರೆ ನಿಮಗೂ ಒಂದು ನಂಬರು ಹಾಕ್ತೀನಿ!"

ಟ್ರೇ ಹೊರಬಂತು. ತೂಕದ ಯಂತ್ರ ಬಂತು. ಅಳತೆ ಪುಸ್ತಕ, ಹಳೆಯ ಫೋನ್ ಡೈರೆಕ್ಟರಿ, ಮತ್ತೊಂದು ಟ್ರೇ. ಅಂತೂ ಆರನೇ ನಿಮಿಷಕ್ಕೆ ದಾಖಲೆ ಪುಸ್ತಕ! ಗ್ರಂಥಪಾಲರು ಬೆರಳು ನೆಕ್ಕಿ ನೆಕ್ಕಿ ಪುಟ ತಿರುಗಿಸಿದರು. ತಮ್ಮದೇ ದುಂಡು ಅಕ್ಷರವನ್ನು ಜೋರಾಗಿ ಓದಿದರು: "ಕಿವಿ ಮಿಷನ್ನಿನ ಸೆಲ್ಲು, ಎರಡು. ವಸ್ತುವು ಚೀಟಿಗಿಂತ ಚಿಕ್ಕದಾದ ಕಾರಣ ನಂಬರು ಅಂಟಿಸಲಾಗಲಿಲ್ಲ. ಕಳೆದುಹೋಗದಿರಲೆಂದು ಇದೇ ಪುಸ್ತಕದ ಹಿಂಬದಿ ರಟ್ಟಿನ ಜೇಬಿನಲ್ಲಿ ಇಡಲಾಗಿದೆ."

ಗ್ರಂಥಾಲಯದ ಪುಸ್ತಕಗಳ ಹಿಂದೆ ಕಾರ್ಡು ಇಡಲು ಅಂಟಿಸುತ್ತಾರಲ್ಲ, ಅಂಥ ಕಾಗದದ ಜೇಬು. ಬೆರಳು ಹಾಕಿದರೆ ಸೆಲ್ಲು ಸಿಕ್ಕಿತು!

ಹೆಂಡತಿ ಅದನ್ನು ತಾಯಿಯ ಮಿಷನ್ನಿಗೆ ಹಾಕಿ ಕಿವಿಗೆ ಸಿಕ್ಕಿಸುವಷ್ಟರಲ್ಲಿ ಎಂಟು ನಿಮಿಷ ಮುಗಿದಿತ್ತು. ಅತ್ತೆ ಉಸಿರು ಬಿಗಿಹಿಡಿದು ಕಿವಿಗೊಟ್ಟರು. ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಅಳಿಯನ ಏದುಸಿರು ಕೇಳಿಸಿತು. ಕೂಸಿನದು ಮಾತ್ರ ಏನೂ ಇಲ್ಲ. ಎಂಟು ನಿಮಿಷ ಅತ್ತು ಸುಸ್ತಾಗಿ ಕೂಸು ಆಗಷ್ಟೇ ನಿದ್ದೆ ಹೋಗಿತ್ತು!

"ಇನ್ನೊಂದೇ ನಿಮಿಷ," ಎಂದರು ಆ ಕಡೆ ನರ್ಸಮ್ಮ.

"ಮಲಗಲಿ ಬಿಡು, ಪಾಪ," ಎಂದರು ಅತ್ತೆ. ಹೇಳುವಾಗ ಗದ್ದ ನಡುಗಿತು.

ಅದನ್ನು ನೋಡಿದ ಗ್ರಂಥಪಾಲರಿಗೆ ಏನಾಯಿತೋ! ‘ನಿಶ್ಶಬ್ದ’ ಎಂಬ ಫಲಕದ ಕೆಳಗೆ ಕೂತು ಕೆಮ್ಮಿದವರನ್ನೂ ಗದರಿಸಿದ್ದ ಮನುಷ್ಯ. ಒಂದೇ ನೆಗೆತಕ್ಕೆ ಬಂದು, ಫೋನಿಗೆ ಬಾಯಿ ಹಚ್ಚಿ, ಹೊಟ್ಟೆಯಲ್ಲಿದ್ದ ಗಾಳಿಯನ್ನೆಲ್ಲ ಸೇರಿಸಿ, "ಹೋ‌‌ಯ್ಯ್ಯ್!" ಎಂದು ಅರಚಿಬಿಟ್ಟರು.

ಕೂಸು ಬೆಚ್ಚಿಬಿದ್ದಿತು. ಕಣ್ಣು ಬಿಟ್ಟಿತು. ಒಂದು ಗಳಿಗೆ ಪರದೆಯ ಮೇಲಿನ ದೊಡ್ಡಪ್ಪನ ಮೂಗಿನ ಹೊಳ್ಳೆಗಳನ್ನೇ ನೋಡಿ, ಲೋಕವೇ ಮುಳುಗಿದಂತೆ ಅಳಲು ಶುರುಮಾಡಿತು.

ಅತ್ತೆ ಅಲುಗಾಡಲಿಲ್ಲ. ಕಣ್ಣಿಂದ ದಳದಳ ನೀರು. "ಕೇಳಿಸ್ತು ಕಣೇ! ಕೇಳಿಸ್ತು! ಹಟಮಾರಿ ಇದು! ಥೇಟ್ ದೊಡ್ಡವಳ ಹಾಗೆ!" ಎಂದು ಅಳುತ್ತಲೇ ನಕ್ಕರು. ಹೆಂಡತಿಗೂ ಎರಡು ದಿನದಿಂದ ಬಾಕಿಯಿದ್ದ ಉತ್ತರ ಸಿಕ್ಕಿತು. ಅದಕ್ಕವಳು ಸಿಟ್ಟಾಗಲೂ ಮರೆತು ಮೂಗೊರೆಸಿಕೊಂಡಳು. ಹತ್ತು ನಿಮಿಷ ಮುಗಿಯಿತು. ಪರದೆ ಕಪ್ಪಾಯಿತು.

ಹಜಾರದ ತುಂಬ ಹರಿದ ಕಂದು ಕಾಗದ. ಅದರ ನಡುವೆ ಗ್ರಂಥಪಾಲರು, ಇಂಗು ತಿಂದ ಮಂಗನಂತೆ. ಆದರೆ ಮನುಷ್ಯನ ಹುಟ್ಟುಗುಣ, ಒಂದು ನಿಮಿಷದಲ್ಲೇ ಚೇತರಿಸಿಕೊಂಡರು. ಕೂಸು ಅತ್ತಿತ್ತು, ಅತ್ತೆ ನಕ್ಕಿದ್ದರು. ಹಾಗಾದರೆ ಎಲ್ಲವೂ ಒಂದು ರೀತಿಯಲ್ಲಿ ಸರಿಯಾಗಿಯೇ ನಡೆದಂತಲ್ಲವೇ? ದಾಖಲೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಅತ್ತೆಯ ಎದುರು ಕುರ್ಚಿ ಎಳೆದು ಕೂತರು.

"ನೋಡಿ ಅತ್ತೆ, ತಪ್ಪು ಪದ್ಧತಿಯದ್ದಲ್ಲ. ಪದ್ಧತಿ ಅಂದರೇನು ಅಂತ ಮೊದಲಿನಿಂದ ಹೇಳ್ತೀನಿ, ಕೇಳಿ..."

"ಒಂದು ನಿಮಿಷ ತಡೀರಿ ಅಳಿಯಂದಿರೇ," ಎಂದರು ಅತ್ತೆ ಮೆಲ್ಲಗೆ. ಕಿವಿಯಿಂದ ಮಿಷನ್ ತೆಗೆದರು. ಉಗುರಿನಿಂದ ಸೆಲ್ಲನ್ನು ಬಿಡಿಸಿ, ಅಳಿಯನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಅಕ್ಕರೆಯಿಂದ ಮಡಚಿದರು.

"ಹ್ಞೂಂ. ಈಗ ಹೇಳಿ."