ಗಂಟಿನ ಸುತ್ತ ಸ್ವಲ್ಪ ಬಿಡು

ಬಿಲ್ಲಿಗೆಂದು ಒಂದು ವರ್ಷ ಒಲೆಯ ಮೇಲೆ ಹೊಗೆಗೆ ಒಣಗಿಸಿದ ಕಾಡುಹಿಪ್ಪುನೇರಳೆ ಮರದೊಳಗೆ ಒಂದು ಗಂಟು ಕೂತಿತ್ತು. ಖೈಫಾ ಅದನ್ನು ನೋಡಿದ್ದು ಹಬ್ಬದ ಬೆಳಿಗ್ಗೆ, ಅರ್ಧ ಕೆತ್ತಿ ಮುಗಿದ ಮೇಲೆ.

ಮಧ್ಯಾಹ್ನವೇ ಬಯಲಿನಲ್ಲಿ, ಉದ್ದ ಹಿಡಿಗೆ ಅಡ್ಡಲಾಗಿ ಕೂರಿಸುವ ಅಡ್ಡಬಿಲ್ಲಿನ ಪಂದ್ಯ. ತೂಗುಹಾಕಿದ ಹಂದಿತೊಡೆಗೆ ಯಾರ ಬಾಣ ನಾಟುತ್ತದೋ ಮಾಂಸ ಅವರ ಮನೆಗೆ. ಹೋದ ವರ್ಷವೂ ಮರದಲ್ಲಿ ಗಂಟಿತ್ತು. ಖೈಫಾ ಅದನ್ನು ಕನ್ನಡಿಯಂತೆ ಸಪಾಟು ಮಾಡಿದ್ದ. ಬಿಲ್ಲು ಅಲ್ಲೇ ಲಟಕ್ಕೆಂದು ಮುರಿದಿತ್ತು. ಹಬ್ಬಕ್ಕೆ ಮನೆಮಂದಿಯೆಲ್ಲ ಮೂಲಂಗಿ ತಿಂದಿದ್ದರು.

"ಅಳಿಯಂದ್ರೇ, ಈ ಸಲವೂ ನಿಮ್ಮ ಬಾಣ ನಾಟದಿದ್ರೆ ಹಂದಿ ಮೇವಿನ ಬುಟ್ಟಿ ವರ್ಷಪೂರ್ತಿ ನಿಮ್ಮ ಹಣೆಗೆ," ಎಂದಿದ್ದಳು ಅತ್ತೆ ಯುನಾ. ನೂ ನದಿಯ ಕಣಿವೆಯಲ್ಲಿ ಹಣೆಗೆ ಪಟ್ಟಿ ಬಿಗಿದು ಬುಟ್ಟಿ ಹೊರುವುದು ಹೆಂಗಸರ ಕೆಲಸ. ಗಂಡಸು ಹೊತ್ತರೆ ಹಂದಿಗಳೂ ನಗುತ್ತವೆ.

ಜಗಲಿಗೆ ಮೊದಲು ಬಂದವನು ಲೂಪು ತಾತ. "ಗಂಟು ಕೆತ್ತಬೇಡ ಕಣೋ, ನಾರು ಕಡಿದುಹೋಗ್ತದೆ. ಸುತ್ತ ಸ್ವಲ್ಪ ಬಿಡು."

ಖೈಫಾ ಅಲ್ಲಿ ಮರ ದಪ್ಪಗೇ ಬಿಟ್ಟ. ಬಿಲ್ಲಿನ ಒಂದು ತೋಳು ಕಪ್ಪೆ ನುಂಗಿದ ಹಾವಿನಂತೆ ಉಬ್ಬಿತು.

ಆಮೇಲೆ ಪಕ್ಕದ ಮನೆಯ ದುಸಾ ಬಂದ. "ಇದೇನೋ, ಒಂದೇ ಕಡೆ ಬಸುರಿ? ಬಾಣ ನಿನ್ನ ಅತ್ತೆ ಕಡೆಗೇ ಹೋಗ್ತದೆ! ಆ ಕಡೆಯೂ ಸ್ವಲ್ಪ ಬಿಡು."

ಆ ಕಡೆಯೂ ಬಿಟ್ಟ. ದುಸಾನ ಹೆಂಡತಿ ಜೋಳದ ಸಾರಾಯಿಯ ಬಟ್ಟಲು ಹಿಡಿದೇ ಇಣುಕಿದಳು. "ಹೋದ ವರ್ಷ ಮುರಿದದ್ದು ನೆನಪಿದೆ ತಾನೆ? ನಡುವೆಯೂ ಸ್ವಲ್ಪ ಬಿಡಪ್ಪ."

ಹೆದರಿದವನ ಕೈಯಲ್ಲಿ ಕತ್ತಿ ಹೇಗೆ ಓಡೀತು? ಮಧ್ಯಾಹ್ನಕ್ಕೆ ಬಿಲ್ಲು ಒನಕೆಯಾಗಿತ್ತು. ಹೆದೆ ಕಟ್ಟಲು ಸಲಹೆ ಕೊಟ್ಟ ಮೂವರೂ ಕೈ ಹಾಕಬೇಕಾಯಿತು.

ಬಯಲಿನಲ್ಲಿ ಖೈಫಾ ಬಿಲ್ಲಿನ ಹಿಡಿಯನ್ನು ಹೊಟ್ಟೆಗೆ ಒತ್ತಿ ಹೆದೆ ಎಳೆದ. ಬರಲಿಲ್ಲ. ಕೂತು ಎಳೆದ. ಮಲಗಿ, ಎರಡೂ ಕಾಲು ಕೊಟ್ಟು ಎಳೆದ. ಕಣ್ಣು ಹೊರಬಂತು, ಹೆದೆ ಬರಲಿಲ್ಲ.

"ಬಿಲ್ಲೇ ಇವನನ್ನ ಬಗ್ಗಿಸ್ತಾ ಇದೆ ನೋಡ್ರೋ!" ಎಂದ ದುಸಾ.

"ಕೊಡಿ ಇಲ್ಲಿ!" ನಲವತ್ತು ವರ್ಷ ಕಡಿದಾದ ಗುಡ್ಡಕ್ಕೆ ಸೌದೆ ಹೊತ್ತ ಅತ್ತೆ ಬಂದು ಬಿಲ್ಲು ಕಿತ್ತುಕೊಂಡಳು. ಹಿಡಿ ಹೊಟ್ಟೆಗಿಟ್ಟು, ಒಂದು ಹೂಂಕಾರ ಹಾಕಿ, ಹಸುವಿನ ಮೊಲೆ ಎಳೆದಷ್ಟು ಸಲೀಸಾಗಿ ಹೆದೆ ಎಳೆದಳು. ಗಂಟು ಅಲುಗಲಿಲ್ಲ. ಗುರಿಯಿಟ್ಟು ಬಿಟ್ಟ ಬಾಣ ಹಂದಿತೊಡೆಯನ್ನು ತೂರಿ ಹಿಂದಿನ ಮರಕ್ಕೇ ನಾಟಿತು.

ಖೈಫಾ ಕುಣಿದುಬಿಟ್ಟ. "ನೋಡಿದ್ರಾ ಅತ್ತೆ, ಮುರೀಲಿಲ್ಲ! ಬಿಲ್ಲು ನಂದೇ ಅಲ್ವಾ? ಮಾಂಸ ಮನೆಗೆ ಬಂತು. ಬುಟ್ಟಿ ಮಾತು ಮುಗೀತು!"

"ಬಿಲ್ಲು ನಿಮ್ದೇ. ಬಾಣ ಯಾರ್ದು?" ಹಂದಿತೊಡೆ ಹೆಗಲಿಗೇರಿಸುತ್ತ ಅತ್ತೆ ಅಂದಳು. "ಇನ್ನು ಬಿಲ್ಲು ಹಿಡಿದು ಕಾಡಿಗೆ ಹೋಗೋಳು ನಾನು. ಬೇಟೆಗೆ ಹೋಗೋರು ಬುಟ್ಟಿ ಹೊರೋ ಪದ್ಧತಿ ನಮ್ಮಲ್ಲಿಲ್ಲ."

ಮರುದಿನ ಬೆಳಿಗ್ಗೆ ಖೈಫಾ ಹಣೆಗೆ ಪಟ್ಟಿ ಬಿಗಿದು, ಮೇವು ತುಂಬಿದ ಬುಟ್ಟಿ ಹೊತ್ತು ಗುಡ್ಡ ಇಳಿಯುತ್ತಿದ್ದ. ಪಟ್ಟಿ ಉಜ್ಜಿ ಹಣೆಯ ನಡುವೆ ನೆಲ್ಲಿಕಾಯಿಯಷ್ಟು ದಪ್ಪಗೆ ಊದಿತ್ತು. ಎದುರಾದ ಲೂಪು ತಾತ ಅದನ್ನು ಬೆರಳಿಂದ ಒತ್ತಿ ನೋಡಿ ಕನಿಕರದಿಂದ ಅಂದ:

"ಗಂಟು ಎದ್ದಿದೆಯಲ್ಲೋ! ಮುಟ್ಟಬೇಡ. ಸುತ್ತ ಸ್ವಲ್ಪ ಬಿಡು."