ಕೈಯಲ್ಲಿದ್ದ ಒಂದು

ನನ್ನ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತಳಾದವಳು. (ನಿವೃತ್ತಿ ಆಸ್ಪತ್ರೆಯಿಂದ ಮಾತ್ರ.) ಅವಳು ವಾರ್ಡಿಗೆ ಕಾಲಿಟ್ಟರೆ ಜ್ವರ ತಾನಾಗಿ ಎರಡು ಡಿಗ್ರಿ ಇಳಿದು ಕೈಕಟ್ಟಿ ನಿಲ್ಲುತ್ತಿತ್ತಂತೆ. ಈಗ ಅವಳ ವಾರ್ಡಿನಲ್ಲಿ ಉಳಿದಿರುವ ಪೇಶಂಟು ನಾನೊಬ್ಬನೇ. ಅವಳು ಅಂಗೈಗೆ ಏನಿಟ್ಟರೂ, ಯಾಕೆ ಏನು ಎಂದು ಕೇಳದೆ ನೀರು ಕುಡಿದು ನುಂಗಿಬಿಡುವುದೇ ನಮ್ಮ ಸುಖದಾಂಪತ್ಯದ ಗುಟ್ಟು.

ಆ ದಿನ ಊಟದ ಮೇಲೆ ಮಹಾರಾಣಿಯವರ ಅಪ್ಪಣೆಯಾಯಿತು: "ನಾಳೆ ಮಗೂಗೆ ಲೆಕ್ಕದ ಪರೀಕ್ಷೆ. ನಾನು ಮಲಗಿ ಎದ್ದು ಕೂಡೋದು ಹೇಳ್ಕೊಡ್ತೀನಿ. ನೀವು ಮಧ್ಯೆ ತಲೆ ಹಾಕ್ಬೇಡಿ. ಜೀವಮಾನ ಪೂರ್ತಿ ಕುಂಬಳಕಾಯಿ ಚಿತ್ರ ಬಿಡಿಸಿದ ಡ್ರಾಯಿಂಗ್ ಮೇಷ್ಟ್ರಿಗೆ ಲೆಕ್ಕ ಯಾಕೆ?"

ನನ್ನ ಕುಂಬಳಕಾಯಿಗಳನ್ನು ಅಂದದ್ದು ನನಗೆ ನಾಟಿತು. ಅವಳ ಗೊರಕೆ ಹದಕ್ಕೆ ಬಂದದ್ದೇ ಮೊಮ್ಮಗಳನ್ನು ಕರೆದೆ. ನಾವು ಅವಳನ್ನು ತುತ್ತೂರಿ ಎನ್ನುತ್ತೇವೆ. ಅವಳ ಕಿವಿಗೆ ಬಿದ್ದ ಗುಟ್ಟು ಸಂಜೆಯೊಳಗೆ ಇಡೀ ಬೀದಿಯ ಆಸ್ತಿ.

ಇಪ್ಪತ್ತೆಂಟಕ್ಕೆ ಹದಿನಾಲ್ಕು ಕೂಡಬೇಕಿತ್ತು. ಬಿಡಿ ಯಾವುದು, ಹತ್ತು ಯಾವುದು ಎಂದು ಮಗುವಿಗೆ ಕಣ್ಣಿಗೆ ಕಾಣುವಂತೆ ತೋರಿಸಬೇಡವೆ? ಮೇಜಿನ ಮೇಲೆ ಹೆಂಡತಿಯ ಕಾಲೂತದ ಮಾತ್ರೆಗಳಿದ್ದವು, ಒಂದು ಶೀಟಿಗೆ ಹತ್ತು. ನನ್ನ ತಲೆಯಲ್ಲಿ ದೀಪ ಹತ್ತಿತು. ಶೀಟು ಎಂದರೆ ಹತ್ತು, ಬಿಡಿ ಮಾತ್ರೆ ಎಂದರೆ ಒಂದು! ಚಟಚಟನೆ ಹನ್ನೆರಡು ಮಾತ್ರೆ ಬಿಡಿಸಿ ಹಾಕಿದೆ.

"ಇಲ್ಲಿ ಎರಡು ಶೀಟು, ಎಂಟು ಬಿಡಿ. ಅಲ್ಲಿ ಒಂದು ಶೀಟು, ನಾಲ್ಕು ಬಿಡಿ. ಬಿಡಿ ಎಲ್ಲ ಸೇರಿ ಎಷ್ಟೇ?"

"ಹನ್ನೆರಡು ತಾತ."

"ಭೇಷ್! ಅದರಲ್ಲಿ ಎರಡು ಇಲ್ಲೇ ಇರ್ಲಿ. ಉಳಿದ ಹತ್ತು ಸೇರಿ ಒಂದು ಶೀಟಾಯ್ತು. ಅದರ ಗುರುತಿಗೆ ಈ ಒಂದು ನನ್ನ ಕೈಯಲ್ಲಿ. ನೋಡೋಕೆ ಒಂದು, ತೂಕ ಮಾತ್ರ ಹತ್ತರದ್ದು!"

ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, ಬಿಡಿಸ್ಥಾನದ ಬಡತನ, ಹತ್ತರ ಸ್ಥಾನದ ಗತ್ತು, ನೂರರ ಸ್ಥಾನದ ದರ್ಬಾರು ಕುರಿತು ಭಾಷಣ ಬಿಗಿದೆ. ಗಂಟಲು ಒಣಗಿತು, ನೀರು ಕುಡಿದೆ, ಮತ್ತೆ ಮುಂದುವರಿಸಿದೆ. ಮುಕ್ಕಾಲು ಗಂಟೆ ಕಳೆದು, ಕುರುಹು ಅಳಿಸೋಣವೆಂದು ಮಾತ್ರೆಗಳನ್ನು ಎಣಿಸಿದರೆ, ಹನ್ನೊಂದೇ ಇದ್ದವು.

ಇನ್ನೊಮ್ಮೆ ಎಣಿಸಿದೆ. ಹನ್ನೊಂದೇ. ಎದೆ ಹೊಡೆದುಕೊಂಡ ಸದ್ದಿಗೆ ಪಕ್ಕದ ಬೀದಿಯ ಗಡಿಯಾರ ರಿಪೇರಿಯವನು ತನ್ನ ಗಡಿಯಾರಗಳನ್ನೆಲ್ಲ ಕಿವಿಗಿಟ್ಟು ನೋಡಿರಬೇಕು. ಮೇಜಿನ ಕೆಳಗೆ ತೆವಳಿದೆ, ಚಾಪೆ ಕೊಡವಿದೆ, ಚಪ್ಪಲಿಯೊಳಗೆ ಕೈಯಾಡಿಸಿದೆ. ಎಲ್ಲೂ ಇಲ್ಲ. ಆಮೇಲೆ ತುತ್ತೂರಿಯ ಪುಟ್ಟ ಬಾಯಿ ನೋಡಿದೆ.

"ಬಾಯಿ ತೆಗಿ! ನಾಲಿಗೆ ಎತ್ತು! ನುಂಗಿದ್ಯೇನೇ?"

"ನಾನಲ್ಲ ತಾತ, ಅದು..."

"ಶ್! ಅಜ್ಜಿ ಏಳ್ತಾಳೆ! ಹೊಟ್ಟೆ ನೋಯ್ತಿದ್ಯಾ?"

"ಇಲ್ಲ. ತಾತ, ಅದು ನಿಮ್..."

"ಶ್ ಅಂದ್ರೆ ಶ್!"

ಯಾವ ಮಗು ತಾನೇ 'ಹೌದು, ನುಂಗಿದೆ' ಎನ್ನುತ್ತದೆ? ಅವಳ ಹಣೆ ಮುಟ್ಟಿದೆ, ಬಿಸಿ ಎನಿಸಿತು. ಇನ್ನೊಂದು ಕೈಯಲ್ಲಿ ಮುಟ್ಟಿದೆ, ತಣ್ಣಗೆ ಎನಿಸಿತು. ಎರಡೂ ಅಪಾಯವೇ! ಅಷ್ಟರಲ್ಲಿ ಹೆದರಿಕೆ ಹೊಟ್ಟೆಗಿಳಿದು ನಾನು ಬಚ್ಚಲುಮನೆಗೆ ಓಡಬೇಕಾಯಿತು. ಬಂದು ಇನ್ನೊಮ್ಮೆ ಎಣಿಸಿದೆ, ಮತ್ತೆ ಓಡಿದೆ. ಸೋಫಾದ ಸಂದಿಯಲ್ಲಿ ಕೈಯಿಟ್ಟೆ, ಕೈ ತೆಗೆಯುವಷ್ಟೂ ಪುರಸೊತ್ತಿಲ್ಲದೆ ಓಡಿದೆ. ಮನುಷ್ಯನ ಭಯದಲ್ಲಿ ಇಷ್ಟೊಂದು ನೀರಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಕೊನೆಗೆ ತುತ್ತೂರಿ ಆಕಳಿಸಿದಳು. ಮಾಮೂಲಿ ಆಕಳಿಕೆ. ನನಗೆ ಅದು ಪ್ರಜ್ಞೆ ತಪ್ಪುವ ಮುನ್ಸೂಚನೆಯಾಗಿ ಕಂಡಿತು. ಹೆಂಡತಿಯ ಭಯ ಬೆಟ್ಟದಷ್ಟಿತ್ತು ನಿಜ. ಮಗುವಿನ ಭಯ ಬಂದು ಆ ಬೆಟ್ಟವನ್ನು ಒಂದೇ ತುತ್ತಿಗೆ ನುಂಗಿತು. ಓಡಿಹೋಗಿ ಹೆಂಡತಿಯನ್ನು ಅಲುಗಿಸಿದೆ.

"ಏನ್ರೀ, ಮನೆಗೆ ಬೆಂಕಿ ಬಿತ್ತಾ?"

"ಬೆಂಕಿ ಆಗಿದ್ರೆ ನಾನೇ ಆರಿಸ್ತಿದ್ದೆ ಕಣೇ!" ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವಳು ಬೈಯಲಿಲ್ಲ. ಅದು ಇನ್ನೂ ಭಯಂಕರ. ಮಗುವನ್ನು ಕೂರಿಸಿ ನಾಡಿ ಹಿಡಿದಳು, ಕಣ್ಣರೆಪ್ಪೆ ಎಳೆದು ನೋಡಿದಳು. ನಾನು ಬಾಗಿಲ ಬಳಿ ಕಾಲಿಗೆ ಕಾಲು ಹೆಣೆದುಕೊಂಡು ನಿಂತಿದ್ದೆ.

"ಮಗು ಎಷ್ಟು ಸಲ ಬಚ್ಚಲಿಗೆ ಹೋಯ್ತು?"

"ಒಂದ್ಸಲಾನೂ ಇಲ್ಲ. ಯಾಕೆ?"

"ಅದು ಮೈಯಲ್ಲಿರೋ ನೀರು ಹೊರಗೆ ಹಾಕೋ ಮಾತ್ರೆ. ನುಂಗಿದವರು ಇಷ್ಟು ಹೊತ್ತಿಗೆ ಕೂತಲ್ಲಿ ಕೂತಿರ್ತಿರ್ಲಿಲ್ಲ." ಅವಳ ನೋಟ ನಿಧಾನವಾಗಿ ನನ್ನ ಹೆಣೆದ ಕಾಲುಗಳ ಮೇಲೆ ಇಳಿಯಿತು. "ನಿದ್ದೇಲಿ ನಲ್ಲಿ ಸದ್ದು ಕೇಳ್ತಾನೇ ಇತ್ತಲ್ಲ, ಅದ್ಯಾರು?"

ಆಗ ತುತ್ತೂರಿ ಮೊಳಗಿತು:

"ತಾತಾನೇ ಅಜ್ಜಿ! ಒಂದು ಕೈಯಲ್ಲಿ ಅಂತ ಇಟ್ಕೊಂಡ್ರು. ಆಮೇಲೆ ಬಾಯಿಗೆ ಹಾಕ್ಕೊಂಡು ನೀರು ಕುಡಿದ್ರು. ಹೇಳೋಕ್ ಹೋದ್ರೆ ಬರೀ ಶ್ ಶ್ ಅಂತಾರೆ!"

ಅಂಗೈಯಲ್ಲಿ ಮಾತ್ರೆ, ಪಕ್ಕದಲ್ಲಿ ನೀರು. ಇಷ್ಟು ವರ್ಷದ ಸುಖದಾಂಪತ್ಯ ತನ್ನ ಕೆಲಸ ತಾನು ಮಾಡಿತ್ತು.

ಹೆಂಡತಿ ನನ್ನ ನಾಡಿಯನ್ನೂ ಹಿಡಿದಳು. ಮುಖವನ್ನು ಆಚೆ ತಿರುಗಿಸಿಕೊಂಡಳು. ಗಾಬರಿಯೆಂದುಕೊಂಡೆ, ನೋಡಿದರೆ ನಗು. "ಒಂದಕ್ಕೆ ಏನೂ ಆಗಲ್ಲ. ತಲೆ ಸುತ್ತಿದ್ರೆ ಕೂಗಿ, ಡಾಕ್ಟರಿಗೆ ಫೋನ್ ಮಾಡ್ತೀನಿ. ಈಗ ಹೋಗಿ, ಹೋಗಿ!"

ಹೋದೆ. ಬಾಗಿಲ ಹೊರಗೆ ಅಧಿಕೃತ ಪಾಠ ಆರಂಭವಾಯಿತು.

"ಇಪ್ಪತ್ತೆಂಟಕ್ಕೆ ಹದಿನಾಲ್ಕು ಕೂಡಿಸಿದ್ರೆ ಎಷ್ಟು ಪುಟ್ಟಾ?"

"ಮೂವತ್ತೆರಡು."

"ಕೈಯಲ್ಲಿದ್ದ ಒಂದನ್ನ ಸೇರಿಸ್ಲೇ ಇಲ್ವಲ್ಲೇ?"

"ಹೇಗೆ ಸೇರಿಸ್ಲಿ? ಅದು ತಾತನ ಹೊಟ್ಟೇಲಿದೆ."

"ನಲವತ್ತೆರಡು!" ಎಂದು ಒಳಗಿನಿಂದ ಕಿರುಚಿದೆ.

"ಪೇಶಂಟು ಮಾತಾಡ್ಬಾರ್ದು," ಎಂದಿತು ಹೆಡ್ ನರ್ಸ್ ದನಿ.

ಆಮೇಲೆ ತುತ್ತೂರಿ, ಮೂರು ಮನೆಗೆ ಕೇಳಿಸುವಂತೆ:

"ಅಜ್ಜೀ, ತಾತ ಆ ಒಂದನ್ನ ಹೊರಗೆ ಬಿಟ್ಮೇಲೆ ನಲವತ್ತೆರಡು ಆಗುತ್ತಾ?"

"ಈ ರಭಸ ನೋಡಿದ್ರೆ," ಎಂದಳು ನನ್ನ ಅರ್ಧಾಂಗಿ, "ಸಂಜೆಯೊಳಗೆ ಆಗುತ್ತೆ ಕಂದ."