ಇದ್ರೀಸ್ ಸಾಬರ ಐದು ಅಮೆರಿಕದ ಹೆಂಗಸರು

ಚನ್ನಪಟ್ಟಣದ ಗೊಂಬೆ ಕೆಲಸದ ಇದ್ರೀಸ್ ಸಾಬರ ಮನೆಗೆ ಐದು ಜನ ಅಮೆರಿಕದ ಹೆಂಗಸರು ಬಂದದ್ದು ಒಂದು ಕಂದು ಲಕೋಟೆಯಲ್ಲಿ. ಭಾನುವಾರ ಬೆಳಿಗ್ಗೆ ಅದನ್ನು ತಂದುಕೊಟ್ಟವನು ರಾಮನಗರದ ಏಜೆಂಟ್ ಲೋಕೇಶ.

"ಈ ಐದು ಪಟ ನೋಡ್ಕೊಂಡು ಐದು ಮರದ ಗೊಂಬೆ ಮಾಡಿಡಿ ಸಾಬ್ರೆ. ಅಮೆರಿಕದ ಮೇಡಂ ಸಾಯಂಕಾಲ ಬತ್ತಾರೆ. ಮೆಚ್ಚಿದ್ರೆ ಸಾವಿರಗಟ್ಲೆ ಆರ್ಡರು," ಎಂದವನೇ ಬೈಕು ಹತ್ತಿ ಹೋಗಿಬಿಟ್ಟ.

ಮೆಚ್ಚದಿದ್ದರೆ ಏನೆಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅದು ಗೋಡೆಯ ಮೊಳೆಗೆ ನೇತುಬಿದ್ದಿತ್ತು: ಬಿಡದಿ ಕಡೆ ಹೊಸದಾಗಿ ಎದ್ದ ಕಾರ್ಖಾನೆಯೊಂದರ ವಾಚ್‌ಮನ್ ಅಂಗಿ. ಚೀನಾದ ಪ್ಲಾಸ್ಟಿಕ್ ಗೊಂಬೆಗಳು ಬಂದಮೇಲೆ ಆ ಬೀದಿಯಲ್ಲಿ ಮರ ಕಡೆಯುವ ಲೇತುಗಳು ಒಂದೊಂದಾಗಿ ಸದ್ದು ನಿಲ್ಲಿಸಿದ್ದವು. ಸಾಬರ ತಂಗಿಯ ಮಗ ಉಜೈರ್ ಕೆಲಸ ಗೊತ್ತುಮಾಡಿ, "ಮಾಮು, ಸೋಮವಾರದಿಂದ ಗೇಟಿಗೆ ಬಂದ್ಬುಡು," ಎಂದು ಅಂಗಿಯನ್ನೂ ತಂದಿಟ್ಟಿದ್ದ. ಇಬ್ಬರು ಇದ್ರೀಸರು ಒಟ್ಟಿಗೆ ಹೊಕ್ಕರೂ ಇನ್ನೂ ಜಾಗ ಉಳಿಯುವಂಥ ಅಂಗಿ ಅದು. ಫ್ಯಾನಿನ ಗಾಳಿಗೆ ಅದರ ತೋಳು ಆಗಾಗ ಅಲ್ಲಾಡಿ, ಬಾ ಬಾ ಎಂದು ಕರೆಯುತ್ತಿತ್ತು.

ಲೇತಿನ ಪಕ್ಕದ ಮಣೆ ಖಾಲಿ. ಅದರ ಮೇಲೆ ಕೂತು ಗೊಂಬೆಗಳಿಗೆ ಕಣ್ಣು ಬರೆಯುತ್ತಿದ್ದ ಹೆಂಡತಿ ಕರೀಮುನ್ನೀಸಾ ಕಳೆದ ರಂಜಾನಿಗೆ ಮುಂಚೆ ತೀರಿಕೊಂಡಿದ್ದಳು. ಆಮೇಲೆ ಸಾಬರು ಕಣ್ಣು ಬೇಡದ ಸಾಮಾನುಗಳನ್ನೇ ಮಾಡುತ್ತ ಬಂದಿದ್ದರು: ಬುಗುರಿ, ಬಟ್ಟಲು, ಬಳೆ. ದೇವರು ಅವಳನ್ನೇಕೆ ಕರೆದುಕೊಂಡನೆಂದು ಅವರು ಕೇಳಿದವರಲ್ಲ, ಕೇಳಬಾರದೆಂದು ಬಲ್ಲವರು. ಲೇತನ್ನೊಂದು ಉಳಿಸಿಕೊಡು ಎಂದು ಮಾತ್ರ ಐದು ಹೊತ್ತಿನ ನಮಾಜಿನಲ್ಲೂ ಬೇಡುತ್ತಿದ್ದರು. ಅದು ತಿರುಗುವಾಗ ಅವಳು ಪಕ್ಕದಲ್ಲೇ ಇದ್ದಂತೆ ಅವರಿಗನ್ನಿಸುತ್ತಿತ್ತು.

ಲಕೋಟೆಯ ಸುದ್ದಿ ಹಾಲಿನ ಮಾಯಮ್ಮನಿಗೆ ಗೊತ್ತಾಯಿತು ಎಂದರೆ ಬೀದಿಗೆಲ್ಲ ಗೊತ್ತಾಯಿತು ಎಂದೇ ಅರ್ಥ. ಅವಳ ಹಿಂದೆಯೇ ಎದುರು ಮನೆಯ ಮುನವ್ವರಾ ಬಂದಳು. ರಿಟೈರಾದ ಕೃಷ್ಣಪ್ಪ ಮೇಷ್ಟ್ರು ಕನ್ನಡಕ ಒರೆಸುತ್ತ ಬಂದು, ಪಟಗಳ ಹಿಂದಿನ ಇಂಗ್ಲಿಷನ್ನು ಓದತೊಡಗಿದರು.

ಮೊದಲನೆಯವಳಿಗೆ ದೊಡ್ಡ ಟೋಪಿ, ಕೈಯಲ್ಲಿ ಹಗ್ಗ.

"ಇವಳು ಕುದುರೆ ಮೇಲೆ ಕೂತು ದನ ಕಾಯೋಳು," ಎಂದರು ಮೇಷ್ಟ್ರು.

"ನಾನೂ ಹುಟ್ದಾಗಿಂದ ದನ ಕಾಯ್ತಾವ್ನಿ," ಎಂದಳು ಮಾಯಮ್ಮ. "ನನ್ ಗೊಂಬೆ ಯಾವನ್ ಮಾಡ್ದ?"

ಎರಡನೆಯವಳಿಗೆ ಮೊಣಕಾಲಿಗಿಂತ ಮೇಲಿನ ಲಂಗ, ಎರಡು ಕೈಯಲ್ಲೂ ಬಣ್ಣದ ಕುಚ್ಚು, ಒಂದು ಕಾಲು ಆಕಾಶದಲ್ಲಿ.

"ಗಂಡುಸ್ರು ಆಟ ಆಡ್ತಾರೆ. ಅವರು ಗೆಲ್ಲಲಿ ಅಂತ ಇವಳು ಅಂಚಲ್ಲಿ ನಿಂತು ಕುಣೀತಾಳೆ."

"ಸೋತ್ರೆ?" ಎಂದಳು ಮಾಯಮ್ಮ.

"ಆಗ್ಲೂ ಕುಣೀಬೇಕು."

"ಅಯ್ಯೋ, ನಮ್ ಕತೇನೇ ಅನ್ನಿ."

ಮೂರನೆಯವಳು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಒಲೆಯ ಮುಂದೆ ಹಲ್ಲೆಲ್ಲ ತೋರಿಸಿ ನಗುತ್ತಿದ್ದಳು. "ಇವಳು ಮನೇಲಿದ್ದು ಅಡಿಗೆ ಮಾಡೋ ಗೃಹಿಣಿ."

"ಅಡ್ಗೆ ಮಾಡದು ಸರಿ, ಅದುಕ್ಯಾಕೆ ಅಷ್ಟು ನಗು? ಡಾಕ್ಟ್ರಿಗೆ ತೋರ್ಸಿದ್ರಂತಾ?"

ನಾಲ್ಕನೆಯವಳು ಕಪ್ಪು ಚರ್ಮದ ಕೋಟು ತೊಟ್ಟು ಮೋಟಾರ್ ಸೈಕಲ್ ಏರಿದ್ದಳು. ಐದನೆಯವಳ ತಲೆತುಂಬ ಹೂ, ಮೈಮೇಲೆ ಹರಿದ ಪ್ಯಾಂಟು. ಅವಳು ಮನೆ ಬಿಟ್ಟು, ಪ್ರೀತಿ ಶಾಂತಿ ಎನ್ನುತ್ತ ಊರೂರು ಅಲೆಯುವವಳು ಎಂದು ಮೇಷ್ಟ್ರು ತಿಳಿಸಿದರು. "ಪಾಪ, ಹೊಲ್ದು ಕೊಡೋಕೂ ಅವಳ ಕಡೆಯೋರು ಯಾರೂ ಇಲ್ವಾ?" ಎಂದು ಮುನವ್ವರಾ ಮರುಗಿದಳು.

"ಅಲ್ಲಿ ಹೆಣ್ಮಕ್ಳು ಇಷ್ಟೇ ತರಾನಾ ಮೇಷ್ಟ್ರೆ?" ಎಂದು ಕೇಳಿದರು ಸಾಬರು.

"ಮನೇಲಿ ಹೆಂಗಿರ್ತಾರೋ ನಂಗೊತ್ತಿಲ್ಲ. ಅಂಗಡೀಲಿ ಮಾರಾಟ ಆಗೋದು ಈ ಐದು ತರ."

ಸಾಬರು ಲೇತಿಗೆ ಮರ ಕಚ್ಚಿಸಿದರು. ತಿರುಗುವ ಮರಕ್ಕೆ ದುಂಡಗಾಗುವುದು ಬಿಟ್ಟು ಬೇರೇನೂ ತಿಳಿಯದು. ಲೇತಿನ ಮೇಲೆ ಹೆಂಗಸಿಗೆ ತಲೆ ಬರುತ್ತದೆ, ಸೊಂಟ ಬರುತ್ತದೆ, ಎರಡು ಕಾಲು ಬರುವುದಿಲ್ಲ. ಆಕಾಶಕ್ಕೆ ಎಸೆದ ಕಾಲಂತೂ ದೂರದ ಮಾತು. ಆದ್ದರಿಂದ ಐವರೂ ಕಂಬದಂತೆ ಎದ್ದುನಿಂತರು. ಇನ್ನು ಅವರನ್ನು ಬೇರೆ ಬೇರೆ ಮಾಡಬೇಕಾದದ್ದು ಬಣ್ಣ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಆ ಕೆಲಸದಲ್ಲಿ ಸಾಬರ ಕೈಗೆ ಸಮನಾದ ಕೈ ಊರಲ್ಲಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಲಗೆಯ ಮೇಲೆ ಐವರೂ ಐದು ತರಹ ಕಾಣುತ್ತಿದ್ದರು. ಮಗಳು ಶೀಬಾ ಕಣ್ಣು ಬರೆಯಲೆಂದು ತಾಯಿಯ ಕುಂಚ ನೆನೆಸಿಟ್ಟಳು.

ಕುಣಿಯುವವಳ ಲಂಗದ ಕೆಳಗೆ ಸಾಬರು ಮೈಬಣ್ಣ ಒತ್ತಿದ್ದರು. ಅಲ್ಲಿಂದ ಶುರುವಾಯಿತು.

"ಸಾಬ್ರೆ, ವಯಸ್ಸಿಗೆ ಬಂದ ಮಗಳಿರೋ ಮನೆ. ಲಂಗ ಒಸಿ ಕೆಳಗಿಳ್ಸಿ," ಎಂದಳು ಮಾಯಮ್ಮ.

ಸಾಬರಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಕರೀಮುನ್ನೀಸಾ ಹೋದಾಗ ಒಲೆ ಹೊತ್ತದ ಮನೆಗೆ ಹಾಲು, ಅನ್ನ ತಂದಿಟ್ಟವರು ಇವರೇ. ಗೊಂಬೆಯನ್ನು ಮತ್ತೆ ಲೇತಿಗೆ ಕಚ್ಚಿಸಿ ಲಂಗವನ್ನು ಪಾದದವರೆಗೆ ಇಳಿಸಿದರು.

ಮುನವ್ವರಾ ಕರಿಕೋಟಿನವಳನ್ನು ಎತ್ತಿಕೊಂಡಳು. "ಭಾಯ್, ಮೇಲರ್ಧಕ್ಕೆ ಕಪ್ಪು ಹಾಕಿದ್ದೀರಿ. ಕೆಳಗರ್ಧ ಏನು ತಪ್ಪು ಮಾಡ್ತು?" ಕೆಳಗೂ ಕಪ್ಪು ಬಂತು. ಮೋಟಾರ್ ಸೈಕಲ್ಲಿನವಳು ಬುರ್ಖಾ ತೊಟ್ಟು ಸಂತೆಗೆ ಹೊರಟಂತಾದಳು. ಕೃಷ್ಣಪ್ಪ ಮೇಷ್ಟ್ರು ಹಣೆ ಬೋಳಾಗಿದೆಯೆಂದು ಗೃಹಿಣಿಗೆ ಕುಂಕುಮ ಇಡಿಸಿದರು. ತಿರುಗುವ ಮರಕ್ಕೆ ಒತ್ತಿದ ಕೆಂಪು ಬೊಟ್ಟಾಗಿ ನಿಲ್ಲದೆ ತಲೆಯ ಸುತ್ತ ಪಟ್ಟಿಯಾಗಿ ಹರಿದು, ಅವಳು ತಲೆನೋವಿಗೆ ಬಟ್ಟೆ ಕಟ್ಟಿಕೊಂಡವಳಂತೆ ಕಂಡಳು. ದನ ಕಾಯುವವಳ ಟೋಪಿಯೂ ಸೆರಗಿನ ಬಣ್ಣದಡಿ ಮುಚ್ಚಿಹೋಯಿತು. ಐದನೆಯವಳ ಹರಿದ ಪ್ಯಾಂಟನ್ನು ಮುಚ್ಚಲು ಹಸಿರು ಒತ್ತುತ್ತಿದ್ದಾಗ ಕರೆಂಟು ಹೋಯಿತು.

ಬಂದದ್ದು ನಾಲ್ಕರ ಸುಮಾರಿಗೆ. ಬಲ್ಬಿನ ಬೆಳಕಲ್ಲಿ ನೋಡಿದರೆ ಐವರೂ ನ್ಯಾಯಬೆಲೆ ಅಂಗಡಿಯ ಮುಂದೆ ನೈಟಿ ತೊಟ್ಟು ನಿಂತ ಒಂದೇ ಮನೆಯ ಸೊಸೆಯರಂತಿದ್ದರು.

"ಅಬ್ಬಾ, ಇವರಲ್ಲಿ ದನ ಕಾಯೋಳು ಯಾರು?" ಎಂದು ಶೀಬಾ ತಂದೆಯನ್ನು ಕೇಳಿದಳು.

ಸಾಬರು ಒಬ್ಬಳನ್ನು ಎತ್ತಿದರು, ಇಟ್ಟರು. ಇನ್ನೊಬ್ಬಳನ್ನು ಎತ್ತಿದರು. ಮಾಡಿದವರಿಗೇ ಗುರುತು ಸಿಗಲಿಲ್ಲ. ಗೋಡೆಯ ಮೇಲೆ ಅಂಗಿಯ ತೋಳು ಅಲ್ಲಾಡಿತು.

ಅವರು ಎದ್ದು ಬಾಗಿಲು ಹಾಕಿದರು. ಆ ಬೀದಿಯಲ್ಲಿ ಹಗಲು ಹೊತ್ತು ಬಾಗಿಲು ಹಾಕುವುದೆಂದರೆ ಜಗಳಕ್ಕೆ ಕರೆದಂತೆ. ಹಾಕಿ, ಉಳಿ ಹಿಡಿದು ಐವರ ಬಣ್ಣವನ್ನೂ ಕೆರೆದು ತೆಗೆದರು. ಟೋಪಿ, ಕೋಟು, ಬುರ್ಖಾ, ಲಂಗ ಎಲ್ಲ ಸುರುಳಿ ಸುರುಳಿಯಾಗಿ ಅವರ ಕಾಲ ಮೇಲೆ ಬಿತ್ತು. ಐದು ಬಿಳಿಮರದ ತುಂಡು ಉಳಿಯಿತು. ಬಿಸ್ಮಿಲ್ಲಾ ಎಂದು ಹೊಸದಾಗಿ ಅರಗಿನ ಕಡ್ಡಿ ಎತ್ತಿಕೊಂಡರು. ಕರೆಂಟು ಮತ್ತೆ ಹೋಯಿತು. ಹೊರಗೆ ಕಾರು ನಿಂತ ಸದ್ದಾಯಿತು.

ಅಮೆರಿಕದ ಮೇಡಮ್ಮಿಗೆ ಟೋಪಿಯಿರಲಿಲ್ಲ, ಹಗ್ಗವಿರಲಿಲ್ಲ, ನಗುವೂ ಇರಲಿಲ್ಲ. ನರೆತ ಕೂದಲನ್ನು ಗಂಟು ಹಾಕಿ, ನೋಯುವ ಸೊಂಟಕ್ಕೆ ಕೈ ಕೊಟ್ಟುಕೊಂಡು ಕಾರಿನಿಂದಿಳಿದರು. ಐದು ಪಟದಲ್ಲಿ ಯಾವುದಕ್ಕೂ ಸೇರುವವರಲ್ಲ. ಹೆಚ್ಚೆಂದರೆ ಮಾಯಮ್ಮನ ಅಕ್ಕನಂತಿದ್ದರು. ಒಳಗೆ ಬಂದು ಒಂದೊಂದೇ ಗೊಂಬೆಯನ್ನು ಎತ್ತಿ, ಬೆರಳಿಂದ ಸವರಿ, ತಿರುಗಿಸಿ ನೋಡಿದರು. ಸಾಬರು ಕ್ಷಮೆ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೇಡಮ್ಮಿನ ಕಣ್ಣಲ್ಲಿ ನೀರಾಡಿತು. ಜೊತೆಗೆ ಬಂದಿದ್ದ ಲೋಕೇಶನಿಗೆ ಏನೋ ಹೇಳಿದರು.

ಲೋಕೇಶ ಕುಣಿದೇಬಿಟ್ಟ. "ಗೆದ್ಬುಟ್ರಿ ಸಾಬ್ರೆ! ಆ ಪಟ ಎಲ್ಲ ಅವರ ಆಫೀಸ್ನೋರು ಕಳ್ಸಿದ್ದಂತೆ, ಇವರ್ಗೆ ಇಷ್ಟಾನೇ ಇರ್ಲಿಲ್ವಂತೆ. ನೀನು ಇಂಥೋಳಾಗು, ಅಂಥೋಳಾಗು ಅಂತ ಹೆಣ್ಮಗೀಗೆ ಗೊಂಬೆ ಕೈಲೂ ಹೇಳ್ಸೋದು ಸಾಕು ಅಂತಾರೆ. ಬಣ್ಣ ಬೇಡ, ಮುಖ ಬೇಡ. ಮಗು ಯಾರು ಅಂತದೋ ಗೊಂಬೆ ಅವಳೇ. ಹಿಂಗೇ ಬರೀ ಮರದ್ದು ಇಪ್ಪತ್ತು ಸಾವಿರ ಬೇಕಂತೆ!"

ಬಾಗಿಲಲ್ಲಿ ಕಿವಿಯಿಟ್ಟಿದ್ದ ಬೀದಿಯೆಲ್ಲ ಒಳಗೆ ನುಗ್ಗಿತು. "ಲಂಗ ಇಳ್ಸಿ ಅಂದೋಳು ನಾನೇ," ಎಂದಳು ಮಾಯಮ್ಮ. ಸಾಬರು ಗೋಡೆಯ ಅಂಗಿಯನ್ನು ತೆಗೆದು ಮಡಿಸಿ, "ಉಜೈರ್‌ಗೆ ವಾಪಸ್ ಕೊಟ್ಬುಡು ಮಗಾ," ಎಂದು ಶೀಬಾಳ ಕೈಗಿಟ್ಟರು. ಆಮೇಲೆ ಖಾಲಿ ಮಣೆಯ ಕಡೆ ಒಮ್ಮೆ ನೋಡಿದರು.

ಮೇಡಂ ಐದೂ ಗೊಂಬೆಗಳನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತರು. ಲೋಕೇಶ ಮಾತ್ರ ಹಿಂದಕ್ಕೆ ಬಂದು ಚಪ್ಪಲಿಯಲ್ಲಿ ನೆಲ ಗೀರಿದ.

"ಬೇಜಾರ್ ಮಾಡ್ಕೋಬೇಡಿ ಸಾಬ್ರೆ. ಬಣ್ಣ, ಅರಗು ಬೇಕಂದಿದ್ರೆ ನಿಮ್ ಕೈ ಬಿಟ್ರೆ ಬೇರೆ ಕೈ ಇಲ್ಲ. ಬರೀ ಮರ ಅಂದ್ಮೇಲೆ... ಬಿಡದಿ ಕಡೆ ಹೊಸ ಕಾರ್ಖಾನೇಲಿ ಕಂಪ್ಯೂಟರ್ ಮಿಷನ್ ಬಂದೈತೆ. ಕಡ್ಲೇಕಾಯಿ ಸುರ್ದಂಗೆ ಸುರೀತದೆ. ಆರ್ಡರು ಅಲ್ಲಿಗೇ ಹಾಕ್ಬೇಕು. ನಿಮ್ಗೆ ಅಲ್ಲಿ ಯಾರಾದ್ರೂ ಗೊತ್ತಾ?"

"ಗೊತ್ತು," ಎಂದರು ಸಾಬರು. "ಗೇಟಲ್ಲಿ ಒಬ್ಬ ಅವ್ನೆ."

"ಯಾರು?"

"ಹೊಸಬ. ನಾಳೆಯಿಂದ ಬತ್ತಾನೆ."

ಕಾರು ಹೋಯಿತು. ಬೀದಿಯೂ ಒಂದೊಂದೇ ಕಾಲು ತೆಗೆದು ಸದ್ದಿಲ್ಲದೆ ಮನೆ ಸೇರಿತು. ಹೋದ ಕರೆಂಟು ಈಗ ಬಂದು, ಮರವಿಲ್ಲದ ಲೇತು ತನ್ನಷ್ಟಕ್ಕೆ ತಿರುಗತೊಡಗಿತು. ಸಾಬರು ಅದನ್ನು ನಿಲ್ಲಿಸಿದರು. ಶೀಬಾ ಅಂಗಿಯನ್ನು ಮತ್ತೆ ಮೊಳೆಗೆ ಹಾಕಿ, ಒದ್ದೆ ಕುಂಚ ಹಿಡಿದು ನಿಂತಳು.

"ಅಬ್ಬಾ, ಒಂದಕ್ಕಾದ್ರೂ ಕಣ್ಣು ಬರ್ದಿದ್ರೆ ಚೆನ್ನಾಗಿತ್ತು. ಅಮ್ಮ ಬರೀತಿದ್ದಂಗೆ."

"ಬೇಡ ಮಗಾ, ದೇವರು ದೊಡ್ಡೋನು," ಎಂದರು ಸಾಬರು, ಕಾಲ ಬಳಿಯ ಬಣ್ಣದ ಸುರುಳಿಗಳನ್ನು ಗುಡಿಸುತ್ತ. "ಕಣ್ಣಿದ್ದು, ಲಾರೀಲಿ ಗೇಟು ದಾಟುವಾಗ ಅವು ನನ್ನ ಗುರ್ತು ಹಿಡಿದ್ಬುಟ್ರೆ?"